ಜಿಲ್ಲೆಯಲ್ಲಿ ಒಬ್ಬನೇ ಕೆಲಸ ಮಾಡುವ ಸರ್ಜನ್‌ಗೆ ಆನ್‌ಲೈನ್ ಕಾನ್ಫರೆನ್ಸ್‌ನಿಂದ ನಿಜವಾಗಿ ಏನಾದರೂ ಸಿಗುತ್ತಾ?

ಘಟ್ಟದಂಚು_ಸರ್ಜನ್:

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಜನರಲ್ ಸರ್ಜನ್ ಆಗಿದ್ದೇನೆ. ಇಲ್ಲಿ ಸರ್ಜನ್ ಅಂತ ಇರೋದು ನಾನೊಬ್ಬನೇ. ಅನಸ್ತೀಸಿಯಾ ಡಾಕ್ಟ್ರು ಹಾಸನದಿಂದ ಬರಬೇಕು. ಮುಂದಿನ ವರ್ಷ ಮೆಡಿಕಲ್ ಕೌನ್ಸಿಲ್ ನೋಂದಣಿ ನವೀಕರಣ ಇದೆ, ಅದಕ್ಕೆ ಬೇಕಾದ ಕಲಿಕೆಯ ಗಂಟೆಗಳು, ಅಂದರೆ ಕ್ರೆಡಿಟ್ ಅವರ್ಸ್, ಇನ್ನೂ ತುಂಬಿಲ್ಲ. ಬೆಂಗಳೂರಿಗೋ ಮಂಗಳೂರಿಗೋ ಮೂರು ದಿನದ ಕಾನ್ಫರೆನ್ಸ್‌ಗೆ ಹೋದರೆ ಇಲ್ಲಿ ಥಿಯೇಟರ್‌ಗೆ ಬೀಗ. ಸರಿಯಾಗಿ ಅವತ್ತೇ ರಾತ್ರಿ ಯಾರಿಗೋ ಅಪೆಂಡಿಕ್ಸ್ ಆಗಿರುತ್ತದೆ, ಅವರನ್ನು ಹಾಸನಕ್ಕೆ ಕಳಿಸಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿಗೆ ಹೋದವನು ಯಾವಾಗ ವಾಪಸ್ ಬರುತ್ತಾನೋ ಗೊತ್ತಿಲ್ಲ.

ಅದಕ್ಕೇ ಆನ್‌ಲೈನ್ ಸಿಎಂಇಗಳ (ಡಾಕ್ಟರ್‌ಗಳ ಮುಂದುವರಿದ ಕಲಿಕೆಯ ಕಾರ್ಯಕ್ರಮ) ಕಡೆ ತಿರುಗಿದೆ. ಕೊರೊನಾ ಬಂದಾಗಿನಿಂದ ಇವುಗಳಿಗೇನೂ ಬರ ಇಲ್ಲ ಬಿಡಿ. 2020ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್‌ನವರ ವಾರ್ಷಿಕ ಸಮ್ಮೇಳನವೇ ಪೂರ್ತಿ ಆನ್‌ಲೈನ್ ಆಯಿತಲ್ಲ. ಆದರೆ ನಾನು ಕೂತು ನೋಡಿದವುಗಳಲ್ಲಿ ಅರ್ಧ ರೋಬೋಟ್ ಬಗ್ಗೆ. ನಮ್ಮಲ್ಲಿ ಲ್ಯಾಪ್ರೋಸ್ಕೋಪಿಯ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಶನ್) ಲೈಟ್ ಸೋರ್ಸ್ ಬಲ್ಬ್ ಹೋದರೆ ಹೊಸದು ಬರೋದಕ್ಕೆ ವಾರ ಕಾಯುತ್ತೇವೆ, ಅವರು ನಾಲ್ಕು ಕೈಯ ರೋಬೋಟ್ ತೋರಿಸುತ್ತಾರೆ. ಇನ್ನೊಂದು ಕಡೆಯವರು ದುಡ್ಡು ಕಟ್ಟಿಸಿಕೊಂಡು, ಎರಡು ಗಂಟೆಯ ಕಾರ್ಯಕ್ರಮದಲ್ಲಿ ಮುಕ್ಕಾಲು ಗಂಟೆ ಉದ್ಘಾಟನೆ, ದೀಪ ಬೆಳಗುವುದು, ಸ್ವಾಗತ ಭಾಷಣ ಮಾಡಿದರು. ದೀಪ ಬೆಳಗುವುದನ್ನೂ ಝೂಮ್‌ನಲ್ಲಿ ನೋಡಬೇಕಾ?

ನೇರವಾಗಿ ಕೇಳುತ್ತೇನೆ. ಓಪನ್ ಸರ್ಜರಿ ಕೈಗೆ ಕೂತಿದೆ. ಲ್ಯಾಪ್ ಕೋಲಿ, ಅಂದರೆ ಲ್ಯಾಪ್ರೋಸ್ಕೋಪಿಯಲ್ಲಿ ಗಾಲ್‌ಬ್ಲ್ಯಾಡರ್ (ಪಿತ್ತಕೋಶ) ತೆಗೆಯೋದು, ಮಾಡುತ್ತೇನೆ, ಆದರೆ ಊದಿಕೊಂಡು ಅಂಟಿಕೊಂಡಿರುವ ಗಾಲ್‌ಬ್ಲ್ಯಾಡರ್ ಬಂದರೆ ಎದೆ ಡವಗುಟ್ಟುತ್ತದೆ. ನನ್ನಂಥವನು ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು? ಅಥವಾ ಇದೆಲ್ಲ ಸುಮ್ನೆ ಸರ್ಟಿಫಿಕೇಟ್‌ಗೆ ಮಾತ್ರಾನಾ?

ಮುಳ್ಳಯ್ಯನಗಿರಿ_ಸ್ಕಾಲ್ಪೆಲ್:

ಡಾಕ್ಟ್ರೇ, ಚಿಕ್ಕಮಗಳೂರಿನಿಂದ. ಸರ್ಟಿಫಿಕೇಟ್ ಬೇರೆ, ಕಲಿಕೆ ಬೇರೆ. ಎರಡನ್ನೂ ಒಂದೇ ಲಾಗಿನ್‌ನಲ್ಲಿ ಹುಡುಕಬೇಡಿ, ಎರಡೂ ಸಿಗದೆ ಹೋಗಬಹುದು.

ಕ್ರೆಡಿಟ್ ವಿಷಯ ಸಣ್ಣದು, ಮೊದಲು ಮುಗಿಸಿಬಿಡೋಣ. 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಐದು ವರ್ಷಕ್ಕೆ 30 ಗಂಟೆ ಅಂತ ಇದೆ. ಲೆಕ್ಕ ಹಾಕಿದರೆ ವರ್ಷಕ್ಕೆ 6 ಗಂಟೆ. ದುಡ್ಡು ಕಟ್ಟುವ ಮುಂಚೆ ಆಯೋಜಕರನ್ನು ಒಂದೇ ಪ್ರಶ್ನೆ ಕೇಳಿ: ಈ ಕಾರ್ಯಕ್ರಮಕ್ಕೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಎಷ್ಟು ಗಂಟೆ ಮಂಜೂರಾಗಿದೆ? ಕಾಗದ ತೋರಿಸಲಿ. "ಆಗುತ್ತೆ ಸರ್, ಅಪ್ಲೈ ಮಾಡಿದ್ದೇವೆ" ಅಂದರೆ ಬಿಟ್ಟುಬಿಡಿ. ಸರ್ಟಿಫಿಕೇಟ್‌ನಲ್ಲಿ ನಿಮ್ಮ ಹೆಸರು, ನೋಂದಣಿ ಸಂಖ್ಯೆ ಕೌನ್ಸಿಲ್ ದಾಖಲೆಯಲ್ಲಿ ಇರುವ ಹಾಗೇ ಬಂದಿದೆಯಾ ಅಂತ ಅವತ್ತೇ ನೋಡಿಕೊಳ್ಳಿ.

ಈಗ ಕಲಿಕೆಯ ವಿಷಯಕ್ಕೆ ಬರುತ್ತೇನೆ. ನೀವು ಗಾಲ್‌ಬ್ಲ್ಯಾಡರ್ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ಪರದೆ ನೋಡಿ ಕಲಿಯೋದಕ್ಕೆ ಇದರಷ್ಟು ಒಪ್ಪುವ ಆಪರೇಶನ್ ಇನ್ನೊಂದಿಲ್ಲ. ಲಾರೆನ್ಸ್ ವೇ ಮತ್ತು ಜೊತೆಯವರು 2003ರಲ್ಲಿ, ಲ್ಯಾಪ್ ಕೋಲಿಯಲ್ಲಿ ಪಿತ್ತನಾಳಕ್ಕೆ ಪೆಟ್ಟಾದ 252 ಕೇಸ್‌ಗಳನ್ನು ಕೆದಕಿ ನೋಡಿದರು. ನೂರಕ್ಕೆ 97ರಲ್ಲಿ ಮೂಲ ಕಾರಣ ಕಣ್ಣಿಗಾದ ಮೋಸ. ಮುಖ್ಯ ಪಿತ್ತನಾಳವಾದ ಕಾಮನ್ ಡಕ್ಟನ್ನೇ ಗಾಲ್‌ಬ್ಲ್ಯಾಡರ್‌ನ ಸಣ್ಣ ನಾಳ, ಅಂದರೆ ಸಿಸ್ಟಿಕ್ ಡಕ್ಟ್, ಅಂದುಕೊಂಡು ಕ್ಲಿಪ್ ಹಾಕಿದ್ದಾರೆ. ಕೈಯ ಕೌಶಲ ಕಮ್ಮಿಯಾಗಿ ಆದದ್ದು ಬರೀ 3. ಇದನ್ನು ಓದಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು: ಪರದೆ ಕೈಗೆ ಏನೂ ಕಲಿಸಲ್ಲ, ಆದರೆ ಕಣ್ಣನ್ನು ಪಳಗಿಸುತ್ತದೆ. ನಮ್ಮ ಕೆಲಸದಲ್ಲಿ ಕಣ್ಣಿನದೇ ಅರ್ಧ ಪಾಲು. ಲ್ಯಾಪ್ರೋಸ್ಕೋಪಿಯಲ್ಲಿ ಅರ್ಧಕ್ಕಿಂತ ಜಾಸ್ತಿ.

ಹೇಗೆ ನೋಡಬೇಕು ಅಂತ ಹೇಳುತ್ತೇನೆ. ಸರ್ಜನ್ ಸ್ಟ್ರಾಸ್‌ಬರ್ಗ್ 1995ರಲ್ಲಿ ಹೇಳಿದ "ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ", ಅಂದರೆ ಕ್ಲಿಪ್ ಹಾಕುವ ಮುಂಚೆ ಕಾಣಲೇಬೇಕಾದ ನೋಟ, ನಿಮಗೆ ಗೊತ್ತೇ ಇದೆ. ಲಿವರ್ ಮತ್ತು ಪಿತ್ತನಾಳಗಳ ನಡುವಿನ ತ್ರಿಕೋನದೊಳಗಿನ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು, ಗಾಲ್‌ಬ್ಲ್ಯಾಡರ್‌ನ ಕೆಳಗಿನ ಮೂರನೇ ಒಂದು ಭಾಗ ಲಿವರ್‌ನಿಂದ ಬೇರೆಯಾಗಿರಬೇಕು, ಒಳಗೆ ಹೋಗುವುದು ಎರಡೇ ಎರಡು ಕೊಳವೆ ಅಂತ ಕಣ್ಣಿಗೆ ಕಾಣಬೇಕು. ಪರೀಕ್ಷೆಯಲ್ಲಿ ಎಲ್ಲರೂ ಗಡಗಡ ಹೇಳುತ್ತಾರೆ. ಈಗ ಯಾವುದಾದರೂ ವಿಡಿಯೋ ಹಾಕಿ, ಮೊದಲ ಕ್ಲಿಪ್ ಹಾಕುವ ಕ್ಷಣಕ್ಕೆ ನಿಲ್ಲಿಸಿ. ಮೂರೂ ಇದೆಯಾ? ದೊಡ್ಡ ದೊಡ್ಡವರ ವಿಡಿಯೋಗಳಲ್ಲೂ ಎಷ್ಟೋ ಸಲ ಇರಲ್ಲ. ಹಿಂದಿನಿಂದ ನೋಡಿದಾಗ ಲಿವರ್ ಕಾಣುತ್ತಾ, ಲಿವರ್‌ನ ರೂವಿಯೇ ಸಲ್ಕಸ್ ಅನ್ನುವ ಸೀಳಿಗಿಂತ ಮೇಲೇ ಇದ್ದಾರಾ, ಎಲ್ಲಿ ಕೆಳಗೆ ಇಳಿದರು. ಇಷ್ಟನ್ನೇ ನೋಡಿ. ಪೂರ್ತಿ ಆಪರೇಶನ್ ನೋಡುವ ಅಗತ್ಯವೇ ಇಲ್ಲ.

ಎಲ್ಲಿ ನೋಡೋದು ಅಂದರೆ ವೆಬ್‌ಸರ್ಜ್. ಖಾತೆ ತೆರೆದರೆ ಸಾಕು, ದುಡ್ಡಿಲ್ಲ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಜಾಕ್ ಮಾರೆಸ್ಕೋ 1994ರಲ್ಲಿ ಶುರು ಮಾಡಿದ ಇರ್ಕಾಡ್ ಸಂಸ್ಥೆಯದ್ದು. ಇದೇ ಮಾರೆಸ್ಕೋ 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕ್‌ನಲ್ಲಿ ಕೂತು ಸ್ಟ್ರಾಸ್‌ಬೂರ್ಗ್‌ನಲ್ಲಿದ್ದ ರೋಗಿಯ ಗಾಲ್‌ಬ್ಲ್ಯಾಡರ್ ತೆಗೆದವರು. ಅಟ್ಲಾಂಟಿಕ್ ಸಾಗರದ ಆಚೆಯಿಂದ! ನಮಗೆ ಜುಲೈನಲ್ಲಿ ಕೊಪ್ಪದಿಂದ ಚಿಕ್ಕಮಗಳೂರಿಗೆ ಒಂದು ವಿಡಿಯೋ ಕಾಲ್ ನೆಟ್ಟಗೆ ನಿಲ್ಲಲ್ಲ, ಅದು ಬೇರೆ ಮಾತು.

ನೇರಪ್ರಸಾರವೇ ಬೇಕು ಅಂದರೆ ಯುರೋಪಿನ ಕಾರ್ಯಕ್ರಮಗಳನ್ನು ಆರಿಸಿಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನ 2 ಆದರೆ ನಮಗೆ ಸಂಜೆ 5.30, ಓಪಿಡಿ ಮುಗಿಸಿ ಕೂರಬಹುದು. ನ್ಯೂಯಾರ್ಕ್‌ನ ಸಂಜೆ 6 ಅಂದರೆ ನಮಗೆ ಬೆಳಗಿನ ಜಾವ 3.30. ಯಾರು ಏಳುತ್ತಾರೆ?

ಹಳೇ_ರಿಟ್ರ್ಯಾಕ್ಟರ್:

ನಾನು ಪೂರ್ತಿ ಒಪ್ಪಲ್ಲ. ಮೇಲಿನವರು ಹೇಳಿದ್ದು ಓದೋದಕ್ಕೆ ಚೆನ್ನಾಗಿದೆ, ಆದರೆ ನಿಜವಾಗಿ ಆಗುವುದೇನು? ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ, ಕ್ಯಾಮೆರಾ ಆಫ್ ಮಾಡಿ, ಎದುರಿಗೆ ಪೈಲ್ಸ್ ಪೇಷಂಟ್ ನೋಡುತ್ತಾ ಕೂರುತ್ತಾರೆ. ಕೊನೆಗೆ ಪ್ರಶ್ನೆ ಬಂದಾಗ ಚಾಟ್‌ನಲ್ಲಿ "ಎಕ್ಸಲೆಂಟ್ ಟಾಕ್ ಸರ್". ಇದಕ್ಕೆ ಕಲಿಕೆ ಅನ್ನುತ್ತೀರಾ?

ಕಾನ್ಫರೆನ್ಸ್ ಅಂದರೆ ಊಟದ ಸಾಲು ಕಣ್ರೀ. ತಟ್ಟೆ ಹಿಡಿದು ನಿಂತಾಗ ಹಿರಿಯರೊಬ್ಬರು ಸಿಗುತ್ತಾರೆ. "ಸರ್, ನೀವು ವೇದಿಕೆ ಮೇಲೆ ಹೇಳಿದ ಆ ಕೇಸ್, ನಿಜಕ್ಕೂ ಏನಾಯಿತು?" ಅಂತ ಕೇಳಿದರೆ, ಮೈಕ್ ಮುಂದೆ ಹೇಳದ್ದನ್ನು ಅಲ್ಲಿ ಹೇಳುತ್ತಾರೆ. ಹರ್ನಿಯಾಗೆ ಹಾಕಿದ ಮೆಶ್ (ಬಲೆ) ತೆಗೆಯಬೇಕಾಗಿ ಬಂದದ್ದು, ಓಪನ್ ಮಾಡಿದ್ದು, ಲಿವರ್ ಸರ್ಜನ್‌ಗೆ ಫೋನ್ ಹಚ್ಚಿದ್ದು. ವಿಡಿಯೋದಲ್ಲಿ ರಕ್ತವೇ ಬರಲ್ಲ, ಗಮನಿಸಿದ್ದೀರಾ? ಎಲ್ಲ ಕತ್ತರಿಸಿ ಏಳು ನಿಮಿಷಕ್ಕೆ ಇಳಿಸಿರುತ್ತಾರೆ. ಮುಕ್ಕಾಲು ಗಂಟೆ ಒದ್ದಾಡಿದ್ದು ಎಲ್ಲಿ ಹೋಯಿತು?

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳಲ್ಲ, ನಾನು ಹೇಳುತ್ತೇನೆ. ಔಷಧ ಕಂಪನಿಗಳಿಗೆ 2024ರ ಮಾರ್ಚ್‌ನಲ್ಲಿ ಹೊಸ ಮಾರುಕಟ್ಟೆ ಸಂಹಿತೆ ಬಂತು. ಭಾಷಣ ಮಾಡುವವರನ್ನು ಬಿಟ್ಟು ಬೇರೆ ಡಾಕ್ಟರ್‌ಗಳಿಗೆ ಕಾನ್ಫರೆನ್ಸ್‌ಗೆ ರೈಲು, ವಿಮಾನದ ಟಿಕೆಟ್ ಕೊಡುವ ಹಾಗಿಲ್ಲ. ಒಳ್ಳೆಯದೇ ಆಯಿತು. ಆದರೆ ಈಗ ಅದೇ ಮಾತು ವೆಬಿನಾರ್ ವೇಷ ಹಾಕಿಕೊಂಡು ಮನೆಗೇ ಬರುತ್ತದೆ. "ಹರ್ನಿಯಾದಲ್ಲಿ ಹೊಸ ದಾರಿಗಳು" ಅಂತ ಶೀರ್ಷಿಕೆ, ಒಳಗೆ ನೋಡಿದರೆ ಒಂದೇ ಕಂಪನಿಯ ಮೆಶ್. ಭಾಷಣದಲ್ಲಿ ಒಂದು ಬ್ರ್ಯಾಂಡ್ ಹೆಸರು ಎರಡು ಸಲಕ್ಕಿಂತ ಜಾಸ್ತಿ ಬಂದರೆ ನಾನು ಎದ್ದುಬಿಡುತ್ತೇನೆ.

ನನ್ನ ಸಲಹೆ: ವರ್ಷಕ್ಕೆ ಒಂದೇ ಒಂದು ಸಲ ಬಾಗಿಲು ಹಾಕಿ ಹೋಗಿ. ಎಎಸ್‌ಐ (ಅಸೋಸಿಯೇಶನ್ ಆಫ್ ಸರ್ಜನ್ಸ್ ಆಫ್ ಇಂಡಿಯಾ) ರಾಜ್ಯ ಶಾಖೆಯ ಸಮ್ಮೇಳನಕ್ಕೆ ಹೋಗಿ, ಅದರಲ್ಲೂ ಭಾಷಣ ಬಿಟ್ಟು ಕೈಯಲ್ಲಿ ಮಾಡಿಸುವ ವರ್ಕ್‌ಶಾಪ್‌ಗೆ ಹೆಸರು ಕೊಡಿ. ನೀವು ಇಲ್ಲದಾಗ ಯಾರು ನೋಡಿಕೊಳ್ಳುತ್ತಾರೆ ಅಂತ ಬೇಲೂರು, ಆಲೂರು ಕಡೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಅವರು ಹೋದಾಗ ನೀವು ನೋಡಿ.

ಪಿಜಿ_ಎರಡನೇ_ವರ್ಷ:

ಸರ್, ನಾನು ಹಾಸನದಲ್ಲಿ ಸರ್ಜರಿ ಪಿಜಿ. ದೊಡ್ಡವರ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಯಬೇಡಿ.

ರಿಟ್ರ್ಯಾಕ್ಟರ್ ಸರ್ ಹೇಳಿದ ಹಾಗೆ ಕೈ ಪರದೆಯಿಂದ ಬರಲ್ಲ ನಿಜ, ಆದರೆ ಪರದೆ ಎದುರು ಕೈ ಕಟ್ಟಿ ಕೂರಲೇಬೇಕು ಅಂತೇನೂ ಇಲ್ಲವಲ್ಲ? ನಾವು ಹಾಸ್ಟೆಲ್‌ನಲ್ಲಿ ಲ್ಯಾಪ್ರೋಸ್ಕೋಪಿ ಅಭ್ಯಾಸಕ್ಕೆ ಬಾಕ್ಸ್ ಟ್ರೈನರ್ ಮಾಡಿಕೊಂಡಿದ್ದೇವೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ, ಮುಚ್ಚಳದಲ್ಲಿ ಎರಡು ತೂತು, ತೂತಿಗೆ ರಬ್ಬರ್ ಶೀಟ್, ಒಳಗೆ ಎಲ್‌ಇಡಿ ಪಟ್ಟಿ ಮತ್ತು ಒಂದು ಸಾಧಾರಣ ವೆಬ್‌ಕ್ಯಾಮ್. ಥಿಯೇಟರ್‌ನಲ್ಲಿ ಇನ್ಸುಲೇಶನ್ ಕಿತ್ತುಹೋಗಿ ತೆಗೆದಿಟ್ಟ ಮೇರಿಲ್ಯಾಂಡ್ ಚಿಮಟ ಮತ್ತು ಹಳೇ ನೀಡಲ್ ಹೋಲ್ಡರ್ ಕೇಳಿ ತಂದೆವು. ಲ್ಯಾಪ್ರೋಸ್ಕೋಪಿಯ ಮೂಲ ಕೌಶಲ ಅಳೆಯುವ ಅಮೆರಿಕದವರ ಎಫ್‌ಎಲ್‌ಎಸ್ ಪರೀಕ್ಷೆಯಲ್ಲಿ ಐದು ಕೆಲಸಗಳಿವೆ. ಮೊದಲನೆಯದು ಪೆಗ್ ಟ್ರಾನ್ಸ್‌ಫರ್: ಆರು ಸಣ್ಣ ತುಂಡುಗಳನ್ನು ಒಂದು ಕೈಯಲ್ಲಿ ಎತ್ತಿ, ಗಾಳಿಯಲ್ಲೇ ಇನ್ನೊಂದು ಕೈಗೆ ಕೊಟ್ಟು, ಆಚೆ ಕಡೆಯ ಗೂಟಕ್ಕೆ ಸಿಕ್ಕಿಸಬೇಕು, ಆಮೇಲೆ ವಾಪಸ್ ತರಬೇಕು. ನೋಡೋದಕ್ಕೆ ಮಕ್ಕಳಾಟ. ಎಡಗೈಯಲ್ಲಿ ಮಾಡಿ ನೋಡಿ ಸರ್, ಆಗ ಗೊತ್ತಾಗುತ್ತದೆ. ಕೊನೆಯದು ಒಳಗೇ ಗಂಟು ಹಾಕುವುದು. ಅದಕ್ಕೆ ನಾವು ಚರ್ಮ ಸಮೇತ ಕೋಳಿ ಲೆಗ್ ಪೀಸ್ ಇಡುತ್ತೇವೆ. ಚರ್ಮ ಬಿಡಿಸಬೇಡ ಅಂದರೆ ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ.

ಸೂಚರಿಂಗ್ ಬಗ್ಗೆ ಆನ್‌ಲೈನ್ ಸೆಷನ್ ಇದ್ದಾಗ ಪಕ್ಕದಲ್ಲಿ ಡಬ್ಬ ಇಟ್ಟುಕೊಳ್ಳುತ್ತೇವೆ. ಅವರು ಸೂಜಿ ಹಿಡಿಯುವ ಕೋನ ತೋರಿಸಿದ ಕೂಡಲೇ ವಿಡಿಯೋ ನಿಲ್ಲಿಸಿ ಮಾಡುತ್ತೇವೆ. ದೊಡ್ಡ ಹಾಲ್‌ನಲ್ಲಿ ಹಿಂದಿನ ಸಾಲಿನಲ್ಲಿ ಕೂತರೆ ಇದು ಆಗುತ್ತಾ ಸರ್?

ನಿದ್ದೆ_ಡಾಕ್ಟ್ರು:

ನಾನು ಸರ್ಜನ್ ಅಲ್ಲ, ಸರ್ಜನ್‌ಗಳ ಎದುರು ತಲೆ ಕಡೆ ನಿಲ್ಲುವವಳು. ಹಾಸನದಿಂದ ಸುತ್ತಲಿನ ನಾಲ್ಕಾರು ಆಸ್ಪತ್ರೆಗೆ ಅನಸ್ತೀಸಿಯಾ ಕೊಡೋದಕ್ಕೆ ಹೋಗುತ್ತೇನೆ. ಪರದೆಯ ಆಚೆ ನಿಂತು ನಿಮ್ಮೆಲ್ಲರ ಲ್ಯಾಪ್ ಕೋಲಿ ನೋಡಿದ್ದೇನೆ, ಆ ಧೈರ್ಯದಲ್ಲಿ ಒಂದು ಮಾತು.

ಸಣ್ಣ ಆಸ್ಪತ್ರೆಯಲ್ಲಿ ಕ್ಯಾಮೆರಾ ಹಿಡಿಯುವವರು ಯಾರು? ಸಿಸ್ಟರ್, ಇಲ್ಲದಿದ್ದರೆ ಓಟಿ ಹುಡುಗ. ಸರ್ಜನ್‌ನ ಕಣ್ಣು ಅಂದರೆ ಅವರ ಕೈ. ತುದಿ ಓರೆಯಾಗಿರುವ 30 ಡಿಗ್ರಿ ಸ್ಕೋಪ್‌ನಲ್ಲಿ ಕ್ಯಾಮೆರಾ ತಲೆಯನ್ನು ನೆಟ್ಟಗೆ ಹಿಡಿದು, ಲೈಟ್ ಕೇಬಲ್ ಮಾತ್ರ ತಿರುಗಿಸಿದರೆ ಮೂಲೆಯ ಆಚೆಗಿನದು ಕಾಣುತ್ತದೆ. ಇದನ್ನು ಆ ಹುಡುಗನಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲ್ಲ. ಅವನು ಎರಡನ್ನೂ ಒಟ್ಟಿಗೆ ತಿರುಗಿಸುತ್ತಾನೆ, ಚಿತ್ರ ಓರೆಯಾಗುತ್ತದೆ, ಸರ್ಜನ್ ರೇಗುತ್ತಾರೆ, ಅವನು ಇನ್ನೂ ಗಾಬರಿಯಾಗಿ ಸ್ಕೋಪ್ ಲಿವರ್‌ಗೆ ತಾಗಿಸಿ ಮಂಜು ಮಾಡುತ್ತಾನೆ. ಮೇಲೆ ಹೇಳಿದರಲ್ಲ, ನೂರಕ್ಕೆ 97 ಕಣ್ಣಿನ ಮೋಸ ಅಂತ. ಚಿತ್ರವೇ ಓರೆಯಾಗಿದ್ದರೆ?

ಆ ಹುಡುಗನನ್ನು ಯಾವ ಕಾನ್ಫರೆನ್ಸ್‌ಗೂ ಯಾರೂ ಕರೆದುಕೊಂಡು ಹೋಗಲ್ಲ. ಆನ್‌ಲೈನ್‌ನಲ್ಲಿ ಅದು ಆಗುತ್ತದೆ. ಲಾಗಿನ್ ಒಂದೇ, ಥಿಯೇಟರ್ ಪಕ್ಕದ ರೂಮಿನಲ್ಲಿ ಟಿವಿಗೆ ಹಾಕಿ, ಸಿಸ್ಟರ್‌ಗಳು, ಹುಡುಗ, ನಾನು, ಎಲ್ಲ ಕೂರೋಣ. ಇಂಗ್ಲಿಷ್ ಬಂದಾಗ ನೀವು ನಿಲ್ಲಿಸಿ ಕನ್ನಡದಲ್ಲಿ ಹೇಳಿ. ಘಟ್ಟದಂಚು ಡಾಕ್ಟ್ರೇ, ನಿಮಗೆ ಆನ್‌ಲೈನ್‌ನಿಂದ ಏನು ಸಿಗುತ್ತದೆ ಅಂದರೆ ನನ್ನ ಉತ್ತರ ಇದೇ: ನಿಮಗಿಂತ ಜಾಸ್ತಿ ನಿಮ್ಮ ಟೀಮ್‌ಗೆ ಸಿಗುತ್ತದೆ.

ಇನ್ನು ವಿಷಯಗಳ ಬಗ್ಗೆ. ಮೆಣಸು ಕೊಯ್ಲಿನ ತಿಂಗಳುಗಳಲ್ಲಿ ನಮಗೆ ಬರುವ ಕೇಸ್ ಯಾವುದು? ಸಿಲ್ವರ್ ಓಕ್ ಮರದಿಂದ ಬಿದ್ದವರು. ಅಲ್ಯೂಮಿನಿಯಂ ಏಣಿ ಕರೆಂಟ್ ಲೈನ್‌ಗೆ ತಾಗಿದವರು. ಅಂಗೈಯಲ್ಲಿ ರೂಪಾಯಿ ಅಗಲದ ಸುಟ್ಟ ಗಾಯ ಇರುತ್ತದೆ, ಒಳಗೆ ತೋಳಿನ ಸ್ನಾಯುವೆಲ್ಲ ಸತ್ತಿರುತ್ತದೆ, ಕ್ಯಾತಿಟರ್ ಹಾಕಿದರೆ ಮೂತ್ರ ಡಿಕಾಕ್ಷನ್ ಬಣ್ಣ. ಎಷ್ಟು ಬೇಗ ಫ್ಯಾಸಿಯೋಟಮಿ (ಊದಿದ ಸ್ನಾಯುವಿನ ಮೇಲಿನ ಪೊರೆ ಸೀಳುವುದು), ಎಷ್ಟು ದ್ರವ, ಯಾವಾಗ ಆಂಬುಲೆನ್ಸ್ ಹತ್ತಿಸೋದು, ಇದನ್ನು ಯಾವ ವೆಬಿನಾರ್‌ನಲ್ಲೂ ನಾನು ನೋಡಿಲ್ಲ. ಕಾಡುಹಂದಿ ತಿವಿದದ್ದು ಕೂಡ ಅಷ್ಟೇ. ಟ್ರಾಮಾ ಕಲಿಸುವ ಎಟಿಎಲ್‌ಎಸ್ ಹುಟ್ಟಿದ್ದೇ ಹಳ್ಳಿ ಆಸ್ಪತ್ರೆಯ ಕಥೆಯಿಂದ ಗೊತ್ತಾ? 1976ರಲ್ಲಿ ಜೇಮ್ಸ್ ಸ್ಟೈನರ್ ಅನ್ನುವ ಮೂಳೆ ಡಾಕ್ಟರ್ ತಾವೇ ಓಡಿಸುತ್ತಿದ್ದ ವಿಮಾನ ನೆಬ್ರಾಸ್ಕಾದ ಹೊಲದಲ್ಲಿ ಬಿತ್ತು. ಹೆಂಡತಿ ತೀರಿಕೊಂಡರು, ಮಕ್ಕಳಿಗೆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ನೋಡಿ ಅವರು ಈ ಕೋರ್ಸ್‌ಗೆ ನಾಂದಿ ಹಾಡಿದರು. ಅದನ್ನು ಮಾತ್ರ ಆನ್‌ಲೈನ್ ಬಿಟ್ಟು ಹೋಗಿ ಕೈಯಾರೆ ಮಾಡಿ ಬನ್ನಿ.

ಮುಳ್ಳಯ್ಯನಗಿರಿ_ಸ್ಕಾಲ್ಪೆಲ್:

ಮೇಡಂ ಹೇಳಿದ ಕ್ಯಾಮೆರಾ ವಿಷಯ ನನಗೆ ಹೊಳೆದೇ ಇರಲಿಲ್ಲ. ಸರಿಯಾಗಿದೆ.

ರಿಟ್ರ್ಯಾಕ್ಟರ್ ಸರ್, ಕತ್ತರಿಸಿದ ವಿಡಿಯೋ ಬಗ್ಗೆ ನೀವು ಹೇಳಿದ್ದು ನಿಜ. ಅದಕ್ಕೆ ಮದ್ದು ನಮ್ಮದೇ ಕತ್ತರಿಸದ ವಿಡಿಯೋ. 2013ರಲ್ಲಿ ಬರ್ಕ್‌ಮೇಯರ್ ಮತ್ತು ಜೊತೆಯವರು ಮಿಶಿಗನ್‌ನಲ್ಲಿ ಇದನ್ನೇ ಮಾಡಿದ್ದರು. 20 ಬೇರಿಯಾಟ್ರಿಕ್ (ಬೊಜ್ಜಿನ ಆಪರೇಶನ್ ಮಾಡುವ) ಸರ್ಜನ್‌ಗಳು ತಲಾ ಒಂದು ವಿಡಿಯೋ ಕೊಟ್ಟರು, ಯಾರದ್ದು ಅಂತ ಹೇಳದೆ ಬೇರೆ ಸರ್ಜನ್‌ಗಳಿಂದ ಅಂಕ ಹಾಕಿಸಿದರು. ಅಂಕ ಕಮ್ಮಿ ಬಂದ ಕಾಲು ಭಾಗದವರ ರೋಗಿಗಳಲ್ಲಿ ತೊಡಕು 14.5 ಪರ್ಸೆಂಟ್, ಮೇಲಿನ ಕಾಲು ಭಾಗದವರಲ್ಲಿ 5.2. ಅಂದರೆ ಒಂದು ವಿಡಿಯೋ ನೋಡಿದ ಸಹೋದ್ಯೋಗಿಗೇ ಗೊತ್ತಾಗುತ್ತದೆ. ನಮಗೆ ಅಂಕ ಬೇಡ ಬಿಡಿ. "ಇಲ್ಲಿ ಯಾಕೆ ಎಳೆದಿರಿ, ಇಲ್ಲಿ ಯಾಕೆ ಕೆಳಗೆ ಇಳಿದಿರಿ" ಅಂತ ಕೇಳುವವರು ಇಬ್ಬರಿದ್ದರೆ ಸಾಕು.

ನ್ಯೂ ಮೆಕ್ಸಿಕೊದಲ್ಲಿ ಸಂಜೀವ್ ಅರೋರಾ 2003ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಎಕೋ ಕೂಡ ಇದೇ ದಾರಿ. ಹೆಪಟೈಟಿಸ್ ಸಿ ರೋಗಿಗಳನ್ನು ದೊಡ್ಡ ಆಸ್ಪತ್ರೆಗೆ ಕರೆಸುವ ಬದಲು, ಹಳ್ಳಿಯ ಡಾಕ್ಟರ್ ವಾರಕ್ಕೊಮ್ಮೆ ವಿಡಿಯೋದಲ್ಲಿ ಕೇಸ್ ಹೇಳುತ್ತಿದ್ದರು, ತಜ್ಞರು ಕೇಳಿ ದಾರಿ ತೋರಿಸುತ್ತಿದ್ದರು. ಹಳ್ಳಿ ಕ್ಲಿನಿಕ್‌ನ ಫಲಿತಾಂಶ ದೊಡ್ಡ ಆಸ್ಪತ್ರೆಯದ್ದಕ್ಕೆ ಸಮ ಅಂತ 2011ರಲ್ಲಿ ಪ್ರಕಟವಾಯಿತು. ನಮ್ಮ ವೆಬಿನಾರ್‌ಗಳಲ್ಲಿ ಉಲ್ಟಾ. ತಜ್ಞರು ಒಂದು ಗಂಟೆ ಮಾತಾಡುತ್ತಾರೆ, ನಮಗೆ ಕೊನೆಯ ಎರಡು ನಿಮಿಷ.

ಹಾಸನ, ಚಿಕ್ಕಮಗಳೂರು ಎರಡೂ ಕಡೆಯ ಐದಾರು ಜನ ತಿಂಗಳಿಗೊಂದು ಸಂಜೆ ಸೇರೋಣವಾ? ಕ್ರೆಡಿಟ್ ಸಿಗಲ್ಲ, ಮೊದಲೇ ಹೇಳಿಬಿಡುತ್ತೇನೆ.

ಘಟ್ಟದಂಚು_ಸರ್ಜನ್:

ಎಲ್ಲರಿಗೂ ಥ್ಯಾಂಕ್ಸ್. ಟಿವಿ ಉಪಾಯ ಈ ವಾರವೇ ಶುರು ಮಾಡುತ್ತೇನೆ, ಸಿಸ್ಟರ್‌ಗಳಿಗೆ ಹೇಳಿದೆ, ಕಾಫಿ ಜೊತೆ ಬಜ್ಜಿ ಇದ್ದರೆ ಬರುತ್ತೇವೆ ಅಂದರು. ತಿಂಗಳ ಸಭೆಗೂ ನಾನಿದ್ದೇನೆ. ಆದರೆ ಎರಡು ಅನುಮಾನ. ರೋಗಿಯ ವಿಡಿಯೋ ಹೀಗೆ ತೋರಿಸಬಹುದಾ? ಮತ್ತೆ, ನನ್ನ ಆಪರೇಶನ್ ನೋಡಿ ನಾಳೆ ಊರಲ್ಲಿ ಮಾತಾಡಿಕೊಂಡರೆ?

ಹಳೇ_ರಿಟ್ರ್ಯಾಕ್ಟರ್:

ಮಾತಾಡಿಕೊಳ್ಳುವವರು ಈಗಲೂ ಮಾತಾಡಿಕೊಳ್ಳುತ್ತಾರೆ, ಅದಕ್ಕೆ ವಿಡಿಯೋ ಏನೂ ಬೇಕಾಗಿಲ್ಲ. ಐದೇ ಜನ ಇರಲಿ, ಹೊರಗಿನವರು ಬೇಡ, ಆಗ ನಾನೂ ಬರುತ್ತೇನೆ. ಮೊದಲ ಕೇಸ್ ಹಿರಿಯರದ್ದೇ ಇರಲಿ, ಆಮೇಲೆ ಚಿಕ್ಕವರಿಗೆ ಭಯ ಇರಲ್ಲ. ನನ್ನದೇ ಹಾಕುತ್ತೇನೆ, ಅಂಟಿಕೊಂಡ ಗಾಲ್‌ಬ್ಲ್ಯಾಡರ್ ಅರ್ಧ ಬಿಟ್ಟು ಸಬ್‌ಟೋಟಲ್ ಮಾಡಿ ಹೊರಬಂದದ್ದು. ಪೂರ್ತಿ ತೆಗೆಯುವ ಹಟ ಬೇಡ ಅಂತ ತೋರಿಸೋದಕ್ಕೆ ಒಳ್ಳೆಯ ಕೇಸ್.

ಮುಳ್ಳಯ್ಯನಗಿರಿ_ಸ್ಕಾಲ್ಪೆಲ್:

ಒಪ್ಪಿಗೆ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ರೆಕಾರ್ಡ್ ಮಾಡೋದಕ್ಕೆ, ಕಲಿಕೆಗೆ ತೋರಿಸೋದಕ್ಕೆ ಅಂತ ಕನ್ನಡದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿ. ಆಪರೇಶನ್ ಒಪ್ಪಿಗೆ ಕಾಗದದ ಮೂಲೆಯಲ್ಲಿ ಸೇರಿಸಬೇಡಿ, ಬೇರೆ ಹಾಳೆ ಇರಲಿ. ರೆಕಾರ್ಡರ್‌ನಲ್ಲಿ ರೋಗಿಯ ಹೆಸರು, ನಂಬರ್ ಹಾಕಬೇಡಿ, ಪರದೆಯ ಮೂಲೆಯಲ್ಲಿ ಅದು ಕೊನೆ ತನಕ ಇರುತ್ತದೆ. ಆಡಿಯೋ ಬಂದ್ ಮಾಡಿ, ಇಲ್ಲದಿದ್ದರೆ ಯಾರ ಮನೆಯವರು ಏನು ಅಂತ ನಾವೇ ಆಡಿಕೊಂಡದ್ದೆಲ್ಲ ಬರುತ್ತದೆ. ಸ್ಕೋಪ್ ಹೊರಗೆ ತೆಗೆದಾಗ ಮುಖ ಕಂಡಿದ್ದರೆ ಆ ತುಂಡು ಅಳಿಸಿ. ವಾಟ್ಸಾಪ್ ಗ್ರೂಪ್‌ಗೆ ಮಾತ್ರ ಹಾಕಲೇಬೇಡಿ.

ಇನ್ನೊಂದು, ಎಷ್ಟೋ ರೆಕಾರ್ಡರ್‌ಗಳು ದೊಡ್ಡ ಫೈಲನ್ನು 4 ಜಿಬಿಗೊಂದರಂತೆ ತುಂಡು ಮಾಡಿ ಪೆನ್‌ಡ್ರೈವ್‌ಗೆ ಹಾಕುತ್ತವೆ. ಮೊದಲ ತುಂಡು ಮಾತ್ರ ಕಾಪಿ ಮಾಡಿದರೆ ಹೊಟ್ಟೆಗೆ ಪೋರ್ಟ್ (ಕೊಳವೆ) ಹಾಕಿದ್ದಷ್ಟೇ ಇರುತ್ತದೆ. ಎಲ್ಲ ತುಂಡನ್ನೂ ತನ್ನಿ. ಈ ತಿಂಗಳ ಕೊನೆಯ ಗುರುವಾರ ರಾತ್ರಿ 8.30 ಆಗಬಹುದಾ? ಕರೆಂಟ್ ಹೋದರೆ ಶುಕ್ರವಾರ.